ಅವಸರ ಹಮಾಲನಿಗೆ ಒಗ್ಗಿದ್ದು ಗುಮಾಸ್ತನಿಗೆ ಯಾಕೆ ಒಗ್ಗದು?

ಜನವರಿಯಿಂದ ಮಾರ್ಚ್‌ವರೆಗೆ ಬ್ಯಾಡಗಿ ಮಾರುಕಟ್ಟೆಯಲ್ಲಿ ಸೋಮವಾರ, ಗುರುವಾರ ಬಂತೆಂದರೆ ಕಾಲಿಡಲು ಜಾಗ ಇರುವುದಿಲ್ಲ. ಜೋರು ಸೀಸನ್ನಿನಲ್ಲಿ ಒಂದೇ ದಿನಕ್ಕೆ ಲಕ್ಷಕ್ಕೂ ಮಿಕ್ಕಿ ಮೆಣಸಿನಕಾಯಿ ಚೀಲ ಬರುವುದುಂಟು. ಲಾರಿ ಕಾಯುತ್ತಿದೆ ಎಂದರೆ ಹಮಾಲರ ಕೈ ಇನ್ನೂ ಚುರುಕಾಗುತ್ತದೆ. ಒಳಗೆ ದಲಾಲಿ ಅಂಗಡಿಯ ಗುಮಾಸ್ತನ ಕಥೆ ಬೇರೆ. ತೂಕ, ದರ, ರೈತನ ಹೆಸರು, ಮೊದಲೇ ಕೊಟ್ಟ ಮುಂಗಡ, ಎಲ್ಲ ಒಟ್ಟಿಗೆ ತಲೆಯಲ್ಲಿರಬೇಕು. ಮಾಲೀಕರು ‘ಲಗೂ ಮಾಡಪಾ’ ಎಂದು ಎರಡು ಸಲ ಕೂಗಿದರೆ ಸಾಕು, 42 ಕಿಲೋ ಹೋಗಿ 24 ಆಗುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಯರ್ಕ್ಸ್ ಮತ್ತು ಜಾನ್ ಡಾಡ್ಸನ್ 1908ರಲ್ಲೇ ಇಂಥದ್ದನ್ನು ಇಲಿಗಳಲ್ಲಿ ಕಂಡಿದ್ದರು. ಎರಡು ಪೆಟ್ಟಿಗೆಯಲ್ಲಿ ಬೆಳ್ಳಗಿನದನ್ನು ಆರಿಸಬೇಕು, ತಪ್ಪಿದರೆ ಕರೆಂಟಿನ ಶಾಕ್. ವ್ಯತ್ಯಾಸ ಎದ್ದು ಕಾಣುವಾಗ ಶಾಕ್ ಜೋರಾದಷ್ಟೂ ಬೇಗ ಕಲಿತವು. ವ್ಯತ್ಯಾಸ ಸೂಕ್ಷ್ಮವಾದಾಗ ಹದವಾದ ಶಾಕೇ ಮೇಲಾಯಿತು. ಮ್ಯಾನೇಜರ್‌ಗಳ ತರಬೇತಿಯಲ್ಲಿ ‘ಸ್ವಲ್ಪ ಒತ್ತಡ ಒಳ್ಳೆಯದು’ ಎನ್ನುವಷ್ಟನ್ನೇ ಹೇಳಿ, ಎಂಥ ಕೆಲಸಕ್ಕೆ ಎನ್ನುವುದನ್ನು ಸುಮ್ನೆ ಬಿಟ್ಟುಬಿಡುತ್ತಾರೆ.

ಇಲಿ ಗುಮಾಸ್ತ ಅಲ್ಲ, ಒಪ್ಪಿದೆ. 1962ರಲ್ಲಿ ಮನಶ್ಶಾಸ್ತ್ರಜ್ಞ ಸ್ಯಾಮ್ ಗ್ಲಕ್ಸ್‌ಬರ್ಗ್ ಮನುಷ್ಯರನ್ನೇ ಕೂರಿಸಿದರು. ಮುಂದೆ ಮೇಣದಬತ್ತಿ, ಬೆಂಕಿಕಡ್ಡಿ, ಡಬ್ಬಿ ತುಂಬ ಪಿನ್ನು. ಬತ್ತಿಯನ್ನು ಗೋಡೆಗೆ ನಿಲ್ಲಿಸಬೇಕು. ಪಿನ್ನು ಸುರಿದು ಖಾಲಿ ಡಬ್ಬಿಯನ್ನೇ ಗೋಡೆಗೆ ಚುಚ್ಚಿ, ಅದರ ಮೇಲೆ ಬತ್ತಿ ಇಡುವುದು ಉಪಾಯ. ಬೇಗ ಮಾಡಿದರೆ ದುಡ್ಡು ಎಂದು ಆಸೆ ತೋರಿಸಿದವರಿಗೆ ಉಳಿದವರಿಗಿಂತ ಸುಮಾರು ಮೂರೂವರೆ ನಿಮಿಷ ಜಾಸ್ತಿ ಹಿಡಿಯಿತು! ಕಣ್ಣು ದುಡ್ಡಿನ ಮೇಲೆ ನೆಟ್ಟಾಗ ಡಬ್ಬಿ ಡಬ್ಬಿಯಾಗೇ ಕಾಣುತ್ತದೆ. ಪಿನ್ನನ್ನು ಮೊದಲೇ ಹೊರಗೆ ಸುರಿದಿಟ್ಟಾಗ ಮಾತ್ರ ದುಡ್ಡಿನವರೇ ಮುಂದು. ಆಗ ಯೋಚಿಸುವುದೇನೂ ಉಳಿದಿರಲಿಲ್ಲ, ಅಲ್ವಾ?

ಹಾಗಂತ ಕೆಲಸ ಜಾಸ್ತಿ ಇದ್ದ ಮಾತ್ರಕ್ಕೆ ಎಲ್ಲರೂ ಕುಸಿಯುವುದಿಲ್ಲ. ಹೊರೆ ದೊಡ್ಡದು, ಅದನ್ನು ಹೇಗೆ ಹೊರಬೇಕೆಂಬ ತೀರ್ಮಾನ ಮಾತ್ರ ತನ್ನದಲ್ಲ ಎನ್ನುವಲ್ಲಿ ದಣಿವು, ಖಿನ್ನತೆ ಹೆಚ್ಚು ಎಂದು ಸಮಾಜಶಾಸ್ತ್ರಜ್ಞ ರಾಬರ್ಟ್ ಕರಾಸೆಕ್ 1979ರಲ್ಲಿ ತೋರಿಸಿದರು. ನಮ್ಮ ಗುಮಾಸ್ತನಿಗೆ ‘ಈ ಲಾಟಿನ ಲೆಕ್ಕ ಕೂಡೋತನಕ ಮುಂದಿಂದು ಮುಟ್ಟಂಗಿಲ್ರಿ’ ಎನ್ನುವ ಧೈರ್ಯವನ್ನು ಮಾಲೀಕರು ಕೊಡಬಹುದು. ಅದಕ್ಕೆ ಕಾಸು ಖರ್ಚಿಲ್ಲ. ಬೋನಸ್ಸೂ ಕೊಡಲಿ, ಯಾರು ಬೇಡ ಅಂದಾರು? ಆದರೆ ದಿನಕ್ಕೆ ಎಷ್ಟು ಪಟ್ಟಿ ಬರೆದ ಎಂದು ಎಣಿಸಿ ಕೊಡುವುದಕ್ಕಿಂತ ಸೀಸನ್ ಮುಗಿದ ಮೇಲೆ ಕೈಗಿಡುವುದು ವಾಸಿ ಅನಿಸುತ್ತದೆ ನನಗೆ.