ಹಾಡುಗಾರ ಬದಲಾದ, ಶ್ರುತಿ ಬದಲಾಗಲಿಲ್ಲ

ಹೋದ ಮಳೆಗಾಲದಲ್ಲಿ ಒಬ್ಬ ಹುಡುಗ ಧ್ವನಿ ಚಿಕಿತ್ಸೆಗೆ ನನ್ನ ಹತ್ತಿರ ಬಂದ. ವಯಸ್ಸು 23. ಕೂತು ಹೆಸರು ಹೇಳುವಷ್ಟರಲ್ಲೇ ಅವನ ಗಂಟಲು ಎರಡು ಸಲ ಕಟ್ಟಿತು. ಬೆಳಿಗ್ಗೆ ಎದ್ದರೆ ಮಾತೇ ಹೊರಡುವುದಿಲ್ಲ, ಮಧ್ಯಾಹ್ನ ಸ್ವಲ್ಪ ಪರವಾಗಿಲ್ಲ, ಸಂಜೆ ಬ್ಯಾಂಡ್ ಅಭ್ಯಾಸ ಮಾಡುವ ಜ್ಯಾಮ್ ರೂಮಿನಿಂದ ಹೊರಗೆ ಬಂದ ಮೇಲೆ ಮತ್ತೆ ಪೂರ್ತಿ ಗೊಗ್ಗರು. ಇಎನ್‌ಟಿ ಡಾಕ್ಟರ್ ಆಗಲೇ ಕ್ಯಾಮೆರಾ ಇಳಿಸಿ ನೋಡಿದ್ದರು. ಎರಡು ಧ್ವನಿತಂತುಗಳು ಒಂದಕ್ಕೊಂದು ಜೋರಾಗಿ ಬಡಿಯುವ ಜಾಗದಲ್ಲಿ ಸಣ್ಣ ಊತ ಶುರುವಾಗಿತ್ತು. ಹಾಗೇ ಬಿಟ್ಟರೆ ಗಂಟಾಗುತ್ತದೆ.

ಅವನು ಬೇರೆಯವರ ಹಾಡುಗಳನ್ನೇ ಹಾಡುವ ಒಂದು ಕವರ್ ಬ್ಯಾಂಡಿನ ಹೊಸ ಸಿಂಗರ್. ಹಳೆಯ ಸಿಂಗರ್ ಓದಲು ಜರ್ಮನಿಗೆ ಹೋದ. ಹಾಡುಗಳು ಅವೇ, ಗಿಟಾರಿನವರು ಅವರೇ, ಕೇಳಲು ಬರುವವರೂ ಅವರೇ. 'ಹಳೇ ಸಿಂಗರ್ ಥರ ಬರ್ತಿಲ್ಲ ಅಂತಾರೆ ಮೇಡಂ. ಅದಕ್ಕೇ ಇನ್ನೂ ಜೋರಾಗಿ ಹಾಡ್ತೀನಿ' ಅಂದ.

'ಶ್ರುತಿ ಇಳಿಸಿದ್ದೀರಾ?' ಅಂತ ಕೇಳಿದೆ.

'ಇಳಿಸಿದ್ರೆ ಒರಿಜಿನಲ್ ಥರ ಇರಲ್ಲ ಅಂತ ಬ್ಯಾಂಡಿನವರು ಒಪ್ಪಲ್ಲ.'

ಈ ಮಾತನ್ನು ಬೇರೆ ಬೇರೆ ಬ್ಯಾಂಡಿನ ಹುಡುಗರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ರಾಕ್ ಕೇಳುವವರು ವರ್ಷಗಟ್ಟಲೆ ಆಡುವ ಜಗಳದ ಬೇರು ಕೂಡ ಬಹಳ ಸಲ ಇಲ್ಲೇ ಇರುತ್ತದೆ. ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಹಾಡುಗಾರರಲ್ಲಿ ಆಜಿ ದೊಡ್ಡವನೋ ಡಿಯೋ ದೊಡ್ಡವನೋ? ಹಾಡುಗಾರ ಬಾನ್ ಸ್ಕಾಟ್ ಹೋದ ಮೇಲೆ ಎಸಿ/ಡಿಸಿ ಬ್ಯಾಂಡ್ ಇತ್ತೋ ಇಲ್ಲವೋ? ಐರನ್ ಮೇಡನ್ ಬ್ಯಾಂಡಿನ ಬ್ಲೇಜ್ ಬೇಲಿ ಕೆಟ್ಟ ಹಾಡುಗಾರನೋ? ಮೊದಲು ಕೇಳಬೇಕಾದದ್ದು, ಆ ಹಾಡನ್ನು ಯಾರ ಗಂಟಲಿಗೆ ಅಳತೆ ತೆಗೆದು ಹೊಲಿದಿದ್ದರು ಅನ್ನುವುದು.

ನಾನು ಕುಂದಾಪುರದ ಕಡೆಯವಳು. ನಮ್ಮ ಯಕ್ಷಗಾನದಲ್ಲೂ ಇಂಥ ಜಗಳ ಉಂಟು. ಒಬ್ಬ ಭಾಗವತರು ಮೇಳ ಬಿಟ್ಟು ಇನ್ನೊಂದು ಮೇಳಕ್ಕೆ ಹೋದರೆ ಮನೆಯಲ್ಲೇ ಎರಡು ಪಕ್ಷವಾಗುತ್ತದೆ. ಆದರೆ ಅಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಹೊಸ ಭಾಗವತರು ಬಂದು ಕೂತರೆ ಶ್ರುತಿಪೆಟ್ಟಿಗೆ ಅವರ ಶ್ರುತಿಗೆ ಬರುತ್ತದೆ, ಮದ್ದಳೆಯೂ ಅವರ ಶ್ರುತಿಗೆ ಕೂರುತ್ತದೆ. ಹಿಂದಿನವರು ಕಪ್ಪು ನಾಲ್ಕರ ಶ್ರುತಿಯಲ್ಲಿ ಹಾಡುತ್ತಿದ್ದರು, ನೀವೂ ಅಲ್ಲೇ ಹಾಡಿ ಅಂತ ಯಾರೂ ಕಟ್ಟು ಮಾಡುವುದಿಲ್ಲ.

ರಾಕ್‌ನಲ್ಲಿ ಹಾಗೆ ಆಗುವುದು ಕಷ್ಟ. ಅದಕ್ಕೆ ಕಾರಣ ಗಿಟಾರ್. ಅದರ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಎಷ್ಟೋ ಹೆವಿ ಮೆಟಲ್ ರಿಫ್‌ಗಳು, ಅಂದರೆ ಮತ್ತೆ ಮತ್ತೆ ಬರುವ ಗಿಟಾರಿನ ತುಣುಕುಗಳು, ಆ ತಂತಿಯನ್ನು ಬೆರಳಿಡದೆ ಬಾರಿಸುವುದರ ಮೇಲೇ ನಿಂತಿವೆ. ಶ್ರುತಿ ಇಳಿಸಬೇಕೆಂದರೆ ತಂತಿಗಳನ್ನೆಲ್ಲ ಸಡಿಲ ಮಾಡಬೇಕು. ಸದ್ದಿನ ಗುಣವೂ ಸ್ವಲ್ಪ ಬದಲಾಗುತ್ತದೆ. ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ಟ್ಯೂನಿಂಗ್‌ನಲ್ಲಿ ಬಾರಿಸಿ ಕೈ ಪಳಗಿದವರಿಗೆ ಅದು ಇಷ್ಟವಾಗುವುದಿಲ್ಲ. ಹೀಗಾಗಿ ತಂತಿಯ ಭಾರವನ್ನೆಲ್ಲ ಹೊಸ ಹಾಡುಗಾರನ ಗಂಟಲೇ ಹೊರುತ್ತದೆ.

ಐರನ್ ಮೇಡನ್ ಕಥೆ ಇದಕ್ಕೆ ಸ್ಪಷ್ಟ ಉದಾಹರಣೆ. 1981ರಲ್ಲಿ ಪಾಲ್ ಡಿಯಾನೊ ಜಾಗಕ್ಕೆ ಬ್ರೂಸ್ ಡಿಕಿನ್ಸನ್ ಬಂದರು. ಅವರದು ಮೇಲಿನ ಸ್ಥಾಯಿಯಲ್ಲಿ ಸಲೀಸಾಗಿ ನಿಲ್ಲುವ ಧ್ವನಿ. ಹನ್ನೊಂದು ಹನ್ನೆರಡು ವರ್ಷ ಹಾಡುಗಳೆಲ್ಲ ಆ ಎತ್ತರಕ್ಕೇ ಹುಟ್ಟಿದವು. 1993ರಲ್ಲಿ ಅವರು ಬಿಟ್ಟು ಹೋದರು. ಮುಂದಿನ ವರ್ಷ ಬಂದವರು ಬ್ಲೇಜ್ ಬೇಲಿ. ಅವರದು ತಗ್ಗಿನ, ದಪ್ಪನೆಯ ಧ್ವನಿ. ಎದೆಯಿಂದ ಎದ್ದು ಬರುವಂಥದ್ದು. ತಪ್ಪೇನೂ ಇಲ್ಲದ ಧ್ವನಿ. ಆದರೆ ವೇದಿಕೆಯಲ್ಲಿ ಅವರು ರಾತ್ರಿ ರಾತ್ರಿ ಡಿಕಿನ್ಸನ್ ಹಾಡುಗಳನ್ನು ಹಾಡಬೇಕಿತ್ತು, ಅದೇ ಟ್ಯೂನಿಂಗ್‌ನಲ್ಲಿ.

ಪ್ರತಿ ಗಂಟಲಿಗೂ ಒಂದು ತಿರುವಿನ ಜಾಗ ಇರುತ್ತದೆ. ಅದರ ಕೆಳಗೆ ಧ್ವನಿತಂತು ದಪ್ಪವಾಗಿ, ಗಟ್ಟಿಯಾಗಿ ಕಂಪಿಸುತ್ತದೆ. ಮೇಲೆ ಹೋದಂತೆ ಅದು ಉದ್ದವಾಗಿ, ತೆಳ್ಳಗಾಗಿ ಎಳೆದುಕೊಳ್ಳಬೇಕು. ಡಿಕಿನ್ಸನ್‌ಗೆ ಆರಾಮಾಗಿದ್ದ ಸ್ವರ ಬೇಲಿಗೆ ಸರಿಯಾಗಿ ಆ ತಿರುವಿನ ಮೇಲೇ ಬೀಳುತ್ತಿತ್ತು. ಅಲ್ಲಿ ಒಂದು ಸ್ವರ ಹಾಡಬಹುದು, ಹತ್ತೂ ಹಾಡಬಹುದು. ಎರಡು ಗಂಟೆ ಅಲ್ಲೇ ನಿಂತರೆ ಗಂಟಲು ಬಿಗಿಯಾಗುತ್ತದೆ, ಸ್ವರ ಅರ್ಧ ಎಳೆ ಕೆಳಗೆ ಜಾರುತ್ತದೆ. ಕೇಳುವವರಿಗೆ ಅಪಶ್ರುತಿ ಅನ್ನಿಸುತ್ತದೆ. 1998ರ ಪ್ರವಾಸದಲ್ಲಿ ಅವರ ಗಂಟಲು ಕೈಕೊಟ್ಟು ಕೆಲವು ಕಾರ್ಯಕ್ರಮಗಳು ರದ್ದಾದವು. 1999ರ ಆರಂಭದಲ್ಲಿ ಅವರನ್ನು ಬ್ಯಾಂಡಿನಿಂದ ಬಿಡಿಸಿದರು, ಡಿಕಿನ್ಸನ್ ವಾಪಸ್ ಬಂದರು.

ಬೇಲಿ ಇದ್ದಾಗ ಎರಡು ಆಲ್ಬಂ ಬಂದವು, 1995ರಲ್ಲೊಂದು, 1998ರಲ್ಲೊಂದು. ಅವುಗಳಲ್ಲಿ 'ಸೈನ್ ಆಫ್ ದಿ ಕ್ರಾಸ್' ಮತ್ತು 'ದಿ ಕ್ಲಾನ್ಸ್‌ಮನ್' ಎಂಬ ಎರಡು ಹಾಡುಗಳಿವೆ. 2001ರ ಜನವರಿಯಲ್ಲಿ ರಿಯೊದಲ್ಲಿ ಡಿಕಿನ್ಸನ್ ಅವೆರಡನ್ನೂ ಹಾಡಿದರು. ಆ ಧ್ವನಿಮುದ್ರಣ ಸಿಗುತ್ತದೆ. ಬೇಲಿ ಹಾಡಿದ್ದನ್ನು ಮೊದಲು ಕೇಳಿ, ಆಮೇಲೆ ಇದನ್ನು ಕೇಳಿ. 'ಸೈನ್ ಆಫ್ ದಿ ಕ್ರಾಸ್' ಶುರುವಿನ ತಗ್ಗು ಸ್ವರಗಳಲ್ಲಿ ಬೇಲಿಯ ಧ್ವನಿಗೆ ಒಂದು ಭಯ ಹುಟ್ಟಿಸುವ ತೂಕವಿದೆ. ಡಿಕಿನ್ಸನ್ ಅಲ್ಲಿ ಸುಂದರವಾಗಿ ಹಾಡುತ್ತಾರೆ, ಆದರೆ ಆ ತೂಕ ನನಗೆ ಸಿಗುವುದಿಲ್ಲ. ಮುಂದೆ ಹಾಡು ಮೇಲೇರಿದಾಗ ಮಾತ್ರ ಡಿಕಿನ್ಸನ್ ಅದನ್ನು ಎಲ್ಲಿಗೋ ಕರೆದುಕೊಂಡು ಹೋಗುತ್ತಾರೆ. ಒಂದೇ ಹಾಡಿನಲ್ಲಿ ಇಬ್ಬರೂ ಗೆಲ್ಲುವ ಜಾಗ ಬೇರೆ ಬೇರೆ.

2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಬಂದಾಗ ನಾನೂ ಆ ಜನಜಂಗುಳಿಯಲ್ಲಿದ್ದೆ. ಆಗ ವಿದ್ಯಾರ್ಥಿನಿ. ಡಿಕಿನ್ಸನ್ ಓಡಾಡುತ್ತ, ಹಾರುತ್ತ ಹಾಡಿದ್ದನ್ನು ನೋಡಿ ಈ ಮನುಷ್ಯ ಉಸಿರನ್ನು ಎಲ್ಲಿ ಇಟ್ಟುಕೊಂಡಿದ್ದಾನೆ ಅಂತ ಬೆರಗಾಗಿತ್ತು. 2015ರಲ್ಲಿ ಅವರಿಗೆ ನಾಲಿಗೆಯ ಹಿಂಭಾಗದಲ್ಲಿ ಕ್ಯಾನ್ಸರ್ ಎಂದು ಗೊತ್ತಾದಾಗ ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ಅವರು ಗುಣವಾಗಿ ಮರುವರ್ಷವೇ ಪ್ರವಾಸ ಹೊರಟರು.

ಬ್ಲ್ಯಾಕ್ ಸಬ್ಬತ್ ಇದೇ ಸಮಸ್ಯೆಯನ್ನು ಬೇರೆ ಥರ ಬಿಡಿಸಿತು. 1979ರಲ್ಲಿ ಆಜಿ ಆಸ್ಬೋರ್ನ್ ಹೊರಗೆ, ರಾನಿ ಜೇಮ್ಸ್ ಡಿಯೋ ಒಳಗೆ. ಆಜಿ ಅನೇಕ ಹಾಡುಗಳಲ್ಲಿ ಗಿಟಾರ್ ಎಲ್ಲಿ ಹೋದರೆ ಅಲ್ಲಿಗೇ ಹೋಗುತ್ತಾರೆ. ರಿಫ್ ಒಂದು ಹೆಜ್ಜೆ ಇಟ್ಟರೆ ಧ್ವನಿಯೂ ಅದರ ಜೊತೆಗೇ ಒಂದು ಹೆಜ್ಜೆ. ಆ ಅಳುವಿನಂಥ, ಬಯಲಾದ ಧ್ವನಿ ಆ ಭಾರದ ರಿಫ್ ಜೊತೆ ಅಂಟಿಕೊಂಡಾಗಲೇ ಸಬ್ಬತ್ ಎಂಬ ಸದ್ದು ಹುಟ್ಟಿದ್ದು. ಡಿಯೋ ಹಾಗಲ್ಲ. ಚಿಕ್ಕಂದಿನಲ್ಲಿ ಟ್ರಂಪೆಟ್ ಊದಿ ಉಸಿರು ಕಲಿತವರು ಅವರು. ಗಿಟಾರ್ ಕೆಳಗೆ ನಡೆಯುತ್ತಿದ್ದರೆ ಅದರ ಮೇಲೆ ತಮ್ಮದೇ ಬೇರೆ ದಾರಿ ಹಾಕಿಕೊಂಡು ಹೋಗುತ್ತಾರೆ. ಹಾಗಾಗಿ ಸಬ್ಬತ್‌ನ ಗಿಟಾರ್ ವಾದಕ ಟೋನಿ ಅಯೋಮಿ ಹಾಡು ಕಟ್ಟುವ ರೀತಿಯನ್ನೇ ಬದಲಿಸಬೇಕಾಯಿತು. 1980ರಲ್ಲಿ ಬಂದ 'ಹೆವೆನ್ ಅಂಡ್ ಹೆಲ್' ಆಲ್ಬಂ ಅದರ ಫಲ. ಕೆಲವರು ಇದು ಸಬ್ಬತ್ತೇ ಅಲ್ಲ ಅಂತಾರೆ. ಅವರ ಮಾತಿನಲ್ಲೂ ಸತ್ಯವಿದೆ, ಯಾಕೆಂದರೆ ಹಾಡಿನ ರಚನೆಯೇ ಬೇರೆಯಾಯಿತು. ಆದರೆ ಹೊಸಬನ ಗಂಟಲಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಏನಿದೆ?

ಎಸಿ/ಡಿಸಿಯಲ್ಲಿ 1980ರ ಫೆಬ್ರವರಿ 19ರಂದು ಬಾನ್ ಸ್ಕಾಟ್ ತೀರಿಹೋದರು. ಜುಲೈನಲ್ಲೇ ಬ್ರಯನ್ ಜಾನ್ಸನ್ ಹಾಡಿದ 'ಬ್ಯಾಕ್ ಇನ್ ಬ್ಲ್ಯಾಕ್' ಬಂತು. ಸ್ಕಾಟ್ ಧ್ವನಿಯಲ್ಲಿ ತುಂಟತನವಿತ್ತು, ಪಕ್ಕದಲ್ಲಿ ಕೂತು ಕಥೆ ಹೇಳುವಂತಿತ್ತು. ಜಾನ್ಸನ್ ಅದಕ್ಕಿಂತ ಮೇಲೆ, ಗರಗಸ ಎಳೆದ ಹಾಗೆ. 'ಇದು ಹಾಡಲ್ಲ, ಕಿರುಚಾಟ' ಅನ್ನುವವರು ನನಗೆ ಬಹಳ ಸಿಗುತ್ತಾರೆ. ಅವರಿಗೆ ನಾನು ಹೇಳುವುದು ಇದು. ನಮ್ಮ ನಿಜವಾದ ಧ್ವನಿತಂತುಗಳ ಸ್ವಲ್ಪ ಮೇಲೆ ಇನ್ನೊಂದು ಜೊತೆ ಮಡಿಕೆಗಳಿವೆ. ಸುಳ್ಳು ಧ್ವನಿತಂತು ಅಂತೀವಿ. ಮಾತಾಡುವಾಗ ಅವು ಸುಮ್ನೆ ಇರುತ್ತವೆ. ಪಳಗಿದ ರಾಕ್ ಹಾಡುಗಾರರಲ್ಲಿ ಕೆಳಗಿನ ನಿಜವಾದ ತಂತು ಸ್ವಚ್ಛವಾಗಿ ಸ್ವರ ಹಿಡಿದಿರುತ್ತದೆ, ಖರಖರ ಸದ್ದನ್ನು ಮೇಲಿನ ಭಾಗಗಳು ಸೇರಿಸುತ್ತವೆ. ಪಳಗದವನು ಅದೇ ಸದ್ದಿಗಾಗಿ ನಿಜವಾದ ತಂತುಗಳನ್ನೇ ಹಿಂಡುತ್ತಾನೆ. ಹೊರಗಿನಿಂದ ಕೇಳಿದರೆ ಎರಡೂ ಹೆಚ್ಚುಕಡಿಮೆ ಒಂದೇ. ಒಬ್ಬ ನಲವತ್ತು ವರ್ಷ ಹಾಡುತ್ತಾನೆ, ಇನ್ನೊಬ್ಬ ನಾಲ್ಕು ತಿಂಗಳಿಗೆ ನನ್ನ ಮುಂದೆ ಬಂದು ಕೂರುತ್ತಾನೆ.

ಈ ವಿಚಾರದಲ್ಲಿ ಕ್ವೀನ್ ಬ್ಯಾಂಡಿನ ಹಾಡುಗಾರ ಫ್ರೆಡ್ಡಿ ಮರ್ಕ್ಯುರಿ ಬಗ್ಗೆ 2016ರಲ್ಲಿ ಬಂದ ಒಂದು ಅಧ್ಯಯನ ನನಗೆ ತುಂಬ ಇಷ್ಟ. ಹಳೆಯ ಸಂದರ್ಶನಗಳಿಂದ ಅವರ ಮಾತಿನ ಧ್ವನಿಯನ್ನು ಅಳೆದರು. ಸೆಕೆಂಡಿಗೆ ಸುಮಾರು 117 ಕಂಪನ. ಅಂದರೆ ಮಾತಿನಲ್ಲಿ ಅವರದು ತಗ್ಗಿನ ಗಂಡುಧ್ವನಿಯೇ ಇರಬೇಕು. ಲೋಕವೆಲ್ಲ ಅವರನ್ನು ಎತ್ತರದ ಹಾಡುಗಾರ ಎಂದು ನೆನೆಯುತ್ತದೆ, ಅಲ್ವಾ? ಅವರ ಒರಟು ಸ್ವರಗಳಲ್ಲಿ ಸುಳ್ಳು ಧ್ವನಿತಂತುಗಳೂ ಸೇರಿ ಕಂಪಿಸುತ್ತಿದ್ದವು ಎಂಬ ಸುಳಿವೂ ಸಿಕ್ಕಿತು. ಅಂಥ ಗಂಟಲನ್ನು ಯಾರೂ ನಕಲು ಮಾಡಲಾರರು. ಕ್ವೀನ್‌ನ ಉಳಿದವರು ಇದನ್ನು ಚೆನ್ನಾಗಿ ಅರಿತಿದ್ದರು ಅನ್ನಿಸುತ್ತದೆ. ಮೊದಲು ಪಾಲ್ ರಾಜರ್ಸ್, ಆಮೇಲೆ ಆಡಮ್ ಲ್ಯಾಂಬರ್ಟ್ ಜೊತೆ ವೇದಿಕೆ ಏರಿದರು, ಬ್ಯಾಂಡಿನ ಹೆಸರಿನ ಮುಂದೆ ಕೂಡಿಸುವ ಚಿಹ್ನೆ ಹಾಕಿ ಆ ಹಾಡುಗಾರರ ಹೆಸರು ಬರೆದರು. ಜಾಗ ತುಂಬಿದೆವು ಅನ್ನಲಿಲ್ಲ, ಜೊತೆಗೆ ಬಂದಿದ್ದಾರೆ ಅಂದರು.

ಕೇಳುವವರ ಕಡೆಯೂ ಒಂದು ಮಾತು. ಹದಿನಾರು ಹದಿನೇಳರಲ್ಲಿ ನೂರಾರು ಸಲ ಕೇಳಿದ ಧ್ವನಿ ಆ ಹಾಡಿನ ಮೈಯೇ ಆಗಿಬಿಡುತ್ತದೆ. ಬೇರೆ ಧ್ವನಿ ಬಂದರೆ, ಅದು ಎಷ್ಟೇ ಚೆನ್ನಾಗಿರಲಿ, ಮನೆಗೆ ಬಂದ ಅಪರಿಚಿತರಂತೆ ಕಾಣುತ್ತದೆ. ಹಳಬರು ಸತ್ತಿದ್ದರಂತೂ ಅದು ದುಃಖದ ಮಾತು. 2017ರಲ್ಲಿ ಲಿಂಕಿನ್ ಪಾರ್ಕ್ ಬ್ಯಾಂಡಿನ ಹಾಡುಗಾರ ಚೆಸ್ಟರ್ ಬೆನಿಂಗ್ಟನ್ ಹೋದರು. 2024ರಲ್ಲಿ ಬ್ಯಾಂಡ್ ಎಮಿಲಿ ಆರ್ಮ್‌ಸ್ಟ್ರಾಂಗ್ ಅವರನ್ನು ಕರೆತಂದಿತು. ಆಗ ಸಿಟ್ಟಾದವರಲ್ಲಿ ಎಷ್ಟೋ ಜನ ಆಕೆಯ ಧ್ವನಿಯನ್ನು ಅಳೆಯುತ್ತಿರಲಿಲ್ಲ, ಚೆಸ್ಟರ್ ಇಲ್ಲ ಎಂಬುದನ್ನು ಮತ್ತೊಮ್ಮೆ ಅನುಭವಿಸುತ್ತಿದ್ದರು. ಅಂಥವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ.

ಆದರೆ 'ಈಗ ಅವನಿಗೆ ಮೊದಲಿನ ಥರ ಹಾಡೋಕೆ ಬರಲ್ಲ, ನಿಲ್ಲಿಸಬೇಕಿತ್ತು' ಅನ್ನುವವರ ಜೊತೆ ಖಂಡಿತ ವಾದ ಮಾಡುತ್ತೇನೆ. ವಯಸ್ಸಾದಂತೆ ಧ್ವನಿಪೆಟ್ಟಿಗೆಯ ಮೃದ್ವಸ್ಥಿ ಗಟ್ಟಿಯಾಗುತ್ತದೆ, ತಂತು ತೆಳ್ಳಗಾಗುತ್ತದೆ, ಅದರ ಪುಟಿಯುವ ಗುಣ ಕಡಿಮೆಯಾಗುತ್ತದೆ. ಡೀಪ್ ಪರ್ಪಲ್‌ನ ಇಯಾನ್ ಗಿಲನ್ 1970ರಲ್ಲಿ ಹಾಡಿದ 'ಚೈಲ್ಡ್ ಇನ್ ಟೈಮ್' ಹಾಡನ್ನು ವೇದಿಕೆಯಲ್ಲಿ ಹಾಡುವುದನ್ನು ಬಿಟ್ಟು ಬಹಳ ವರ್ಷಗಳಾದವು. ಅದು ಸರಿಯಾದ ನಿರ್ಧಾರ. ಜಾನ್ ಬಾನ್ ಜೋವಿಗೆ ಒಂದು ಧ್ವನಿತಂತು ಸೊರಗಿ, 2022ರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಏರೋಸ್ಮಿತ್‌ನ ಸ್ಟೀವನ್ ಟೈಲರ್ 2023ರಲ್ಲಿ ಧ್ವನಿಪೆಟ್ಟಿಗೆಗೇ ಪೆಟ್ಟು ಮಾಡಿಕೊಂಡರು, ಮರುವರ್ಷ ಬ್ಯಾಂಡ್ ಪ್ರವಾಸವನ್ನೇ ನಿಲ್ಲಿಸಿತು. ಓಟಗಾರನಿಗೆ ಮಂಡಿ ಹೋದರೆ ಅಯ್ಯೋ ಪಾಪ ಅನ್ನುವ ನಾವು ಹಾಡುಗಾರನಿಗೆ ಗಂಟಲು ಹೋದರೆ ಯಾಕೆ ಬೈಯುತ್ತೇವೆ?

2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಆಜಿ ಕೊನೆಯ ಸಲ ಹಾಡಿದರು. ಸಿಂಹಾಸನದಲ್ಲಿ ಕೂತೇ ಹಾಡಿದರು. ಅವರಿಗೆ ಪಾರ್ಕಿನ್ಸನ್ ಕಾಯಿಲೆಯಿತ್ತು. ಆ ಕಾಯಿಲೆ ಇರುವವರನ್ನು ನಾನು ವಾರಕ್ಕೆ ನಾಲ್ಕೈದು ಜನರನ್ನಾದರೂ ನೋಡುತ್ತೇನೆ. ತಾವು ಜೋರಾಗಿಯೇ ಮಾತಾಡುತ್ತಿದ್ದೇವೆ ಅಂತ ಅವರಿಗೆ ಅನ್ನಿಸುತ್ತದೆ, ಪಕ್ಕದಲ್ಲಿ ಕೂತ ಹೆಂಡತಿಗೆ ಕೇಳಿಸುವುದಿಲ್ಲ. ಅಂಥ ಗಂಟಲಿನಿಂದ 76ನೇ ವಯಸ್ಸಿನಲ್ಲಿ ತುಂಬಿದ ಮೈದಾನಕ್ಕೆ ಹಾಡುವುದು ಎಂದರೆ ಏನು ಅಂತ ನನಗೆ ಗೊತ್ತು. ಸ್ವರ ಅಲ್ಲಲ್ಲಿ ತಪ್ಪಿತು. ನಾನು ಕಣ್ಣು ಒರೆಸಿಕೊಂಡೆ. ಹದಿನೇಳು ದಿನಕ್ಕೆ ಅವರು ಹೋದರು.

ಇನ್ನು ಆ ಹುಡುಗನ ವಿಷಯ. ಎರಡು ವಾರ ಹಾಡು ಬಂದ್ ಮಾಡಿಸಿದೆ. ನೀರಿನ ಲೋಟದಲ್ಲಿ ಸ್ಟ್ರಾ ಇಟ್ಟು ಗುಳುಗುಳು ಊದುತ್ತ ಸ್ವರ ಹಿಡಿಯುವ ಅಭ್ಯಾಸ ಕೊಟ್ಟೆ. ಸ್ಟ್ರಾ ಮತ್ತು ನೀರು ಹಿಂದಕ್ಕೆ ಒತ್ತುವುದರಿಂದ ತಂತುಗಳು ಮೆತ್ತಗೆ ಕೂಡುತ್ತವೆ, ಬಡಿದಾಟ ಕಡಿಮೆಯಾಗುತ್ತದೆ. ಮೂರನೇ ಸಲ ಬರುವಾಗ ಗಿಟಾರಿನವನನ್ನೂ ಕರೆದುಕೊಂಡು ಬಾ ಅಂದೆ. ಬಂದ. ಶ್ರುತಿ ಇಳಿಸಿದರೆ ಹಾಡು ಕೆಡುತ್ತದೆ ಅಂತ ಅವನ ವಾದ.

ಅವನಿಗೆ ಅಯೋಮಿ ಕಥೆ ಹೇಳಿದೆ. ಹದಿನೇಳನೇ ವಯಸ್ಸಿನಲ್ಲಿ ಕಾರ್ಖಾನೆಯಲ್ಲಿ ಎರಡು ಬೆರಳ ತುದಿ ಕಳೆದುಕೊಂಡವರು ಅವರು. ಗಟ್ಟಿ ತಂತಿ ಒತ್ತಲು ಕಷ್ಟ. ತಂತಿ ಸಡಿಲ ಮಾಡಿಕೊಂಡರು. 1971ರ ಆಲ್ಬಂನಲ್ಲಿ ಮೂರು ಅರ್ಧಸ್ವರದಷ್ಟು ಕೆಳಗೆ ಇಳಿಸಿದರು. ಇವತ್ತು ಲೋಕ ಮೆಚ್ಚುವ ಆ ಭಾರದ ಸದ್ದಿನಲ್ಲಿ ಆ ಸಡಿಲ ತಂತಿಯ ಪಾಲು ದೊಡ್ಡದು. ಗನ್ಸ್ ಅಂಡ್ ರೋಸಸ್ ಮೊದಲಿನಿಂದಲೂ ಅರ್ಧಸ್ವರ ಕೆಳಗೇ ಬಾರಿಸಿದೆ. ಮೆಟಾಲಿಕಾ ವೇದಿಕೆಯಲ್ಲಿ ಎಷ್ಟೋ ವರ್ಷಗಳಿಂದ ಹಾಗೇ ಮಾಡುತ್ತಿದೆ.

ಗಿಟಾರಿನ ಹುಡುಗ ಏನೂ ಹೇಳಲಿಲ್ಲ. ಮೊಬೈಲ್‌ನಲ್ಲಿ ಟ್ಯೂನರ್ ತೆರೆದ, ನನ್ನ ಕೋಣೆಯಲ್ಲೇ ಆರು ತಂತಿಗಳನ್ನೂ ಎರಡು ಅರ್ಧಸ್ವರ ಇಳಿಸಿದ. ಹುಡುಗನಿಗೆ ಮೆಲ್ಲಗೆ, ಒಂದೇ ಒಂದು ಪಲ್ಲವಿ ಹಾಡು ಅಂದೆ. ಹಾಡಿದ. ಕತ್ತಿನ ನರ ಉಬ್ಬಲಿಲ್ಲ. ತಿರುವಿನ ಜಾಗ ದಾಟಿದ್ದು ಅವನಿಗೇ ಗೊತ್ತಾಗಲಿಲ್ಲ.

'ಇದು ಹಳೇ ಸಿಂಗರ್ ಥರ ಇಲ್ಲ' ಅಂದ ಗಿಟಾರಿನವನು. ಸ್ವಲ್ಪ ಹೊತ್ತು ಬಿಟ್ಟು, 'ಇನ್ನೊಂದ್ ಸಲ ಹಾಡೋ' ಅಂದ.