ರೊಟ್ಟಿ ಕೊಡಿ, ಹಿಂಡಿ ಬೇಡ

ನಾಯಿ ತೋಳದ ವಂಶ, ಅದಕ್ಕೆ ಮಾಂಸ ಬಿಟ್ಟು ಬೇರೇನೂ ಒಗ್ಗಲ್ಲ ಅಂತ ಯಾವುದೋ ವಿಡಿಯೋ ನೋಡಿ ಕಲಬುರಗಿಯಲ್ಲೂ ಈಗ ಕೆಲವರು ನಾಯಿಗೆ ಜೋಳದ ರೊಟ್ಟಿ ಹಾಕೋಕೆ ಹೆದರುತ್ತಾರೆ. ಹಾಗಾದ್ರೆ ನಮ್ಮ ಓಣಿಯ ನಾಯಿಗಳು ಏನು ತಿಂದು ಬೆಳೆದವು? 2013ರಲ್ಲಿ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ತಂಡ ತೋಳ, ನಾಯಿ ಎರಡರ ಜೀನ್‌ಗಳನ್ನೂ ಹೋಲಿಸಿ ನೋಡಿತು. ಪಿಷ್ಟ ಒಡೆಯುವ ಅಮೈಲೇಸ್ ಕಿಣ್ವದ ಜೀನ್ ತೋಳದಲ್ಲಿ 2 ಪ್ರತಿ, ನಾಯಿಯಲ್ಲಿ 4ರಿಂದ 30. ಬೆಂದ ರೊಟ್ಟಿ ಅದಕ್ಕೆ ಅರಗುತ್ತದೆ. 1860ರ ದಶಕದಲ್ಲಿ ಲಂಡನ್ನಿನಲ್ಲಿ ನಾಯಿ ಬಿಸ್ಕತ್ತಿನ ವ್ಯಾಪಾರ ಶುರು ಮಾಡಿದ ಜೇಮ್ಸ್ ಸ್ಪ್ರಾಟ್ ಕೂಡ ಅದಕ್ಕೆ ಗೋಧಿ ಹಾಕಿದ್ದ.

ತಕರಾರು ಇರೋದು ರೊಟ್ಟಿಗೆ ಹಚ್ಚುವುದರಲ್ಲಿ. ಶೇಂಗಾ ಹಿಂಡಿಯಲ್ಲಿ (ಚಟ್ನಿ ಪುಡಿ) ಬಳ್ಳೊಳ್ಳಿ, ಪುಂಡಿ ಪಲ್ಯದಲ್ಲಿ ಬಳ್ಳೊಳ್ಳಿ, ಸಾರಿನಲ್ಲಿ ಉಳ್ಳಾಗಡ್ಡಿ. ಇದರ ಮೇಲೆ "ಬಳ್ಳೊಳ್ಳಿ ತಿನಿಸಿದ್ರ ಹೊಟ್ಟಿ ಹುಳ ಸಾಯ್ತಾವ" ಅನ್ನೋ ನಂಬಿಕೆ ಬೇರೆ! ಹುಳದ ಮಾತು ಇರಲಿ, ಕೆಡೋದು ನಾಯಿಯ ರಕ್ತ.

ಹೇಗೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದ್ರೆ ನನಗೆ ಬಲು ಇಷ್ಟವಾದ ಭಾಗ ಇದು. ಉಳ್ಳಾಗಡ್ಡಿ, ಬಳ್ಳೊಳ್ಳಿ ಜಜ್ಜಿದಾಗ, ಜಗಿದಾಗ ಗಂಧಕದ ಸಂಯುಕ್ತಗಳು ಹುಟ್ಟುತ್ತವೆ. ಇವು ರಕ್ತ ಸೇರಿದ ಮೇಲೆ ಕೆಂಪು ಕಣದೊಳಗಿನ ಹಿಮೋಗ್ಲೋಬಿನ್ ಅನ್ನು ಆಕ್ಸಿಡೈಸ್ ಮಾಡುತ್ತವೆ, ಅಂದ್ರೆ ಕಬ್ಬಿಣಕ್ಕೆ ತುಕ್ಕು ಹಿಡಿದಂತೆ ಕೆಡಿಸುತ್ತವೆ. ಸರಿಯಾಗಿ ತಿರುವದ ಗಂಜಿ ಗಂಟು ಕಟ್ಟುತ್ತದಲ್ಲ, ಹಾಗೆ ಅದು ಗಂಟು ಕಟ್ಟಿ ಕಣದ ಗೋಡೆಗೆ ಅಂಟುತ್ತದೆ. 1890ರಲ್ಲಿ ಜರ್ಮನಿಯ ವೈದ್ಯ ರಾಬರ್ಟ್ ಹೈನ್ಸ್ ಈ ಗಂಟುಗಳನ್ನು ವಿವರಿಸಿದ, ಈಗಲೂ ಅವಕ್ಕೆ ಅವನದೇ ಹೆಸರು. ಗಂಟು ಬಿದ್ದ ಕಣ ಬಾಗುವುದಿಲ್ಲ, ರಕ್ತ ಸೋಸುವ ಅಂಗವಾದ ಗುಲ್ಮದ ಸಣ್ಣ ಸಂದಿಗಳಲ್ಲಿ ತೂರಲಾರದೆ ಅಲ್ಲೇ ಸಾಯುತ್ತದೆ, ಕೆಲವು ರಕ್ತನಾಳದಲ್ಲೇ ಒಡೆಯುತ್ತವೆ. ನಾವೂ ಅದೇ ಉಳ್ಳಾಗಡ್ಡಿ ತಿಂತೀವಲ್ಲ ಅಂದ್ರೆ, ನಮ್ಮ ಕೆಂಪು ಕಣದಲ್ಲಿ ಈ ಏಟು ತಡೆಯುವ ಕ್ಯಾಟಲೇಸ್ ಕಿಣ್ವ ಬೇಕಾದಷ್ಟಿದೆ, ನಾಯಿಯ ಕಣದಲ್ಲಿ ತೀರಾ ಕಡಿಮೆ.

ಒಂದೇ ಸಲಕ್ಕೆ ತೂಕದ ಶೇ. 0.5ಕ್ಕಿಂತ ಜಾಸ್ತಿ ಉಳ್ಳಾಗಡ್ಡಿ ತಿಂದರೆ ವಿಷವಾಗುತ್ತದೆ. 10 ಕೆ.ಜಿ. ನಾಯಿಗೆ 50 ಗ್ರಾಂ, ಅಂದ್ರೆ ಒಂದು ಸಣ್ಣ ಗಡ್ಡಿ ಸಾಕು. ದಿನಾ ಚೂರುಚೂರು ತಿಂದರೂ ಅಪಾಯವೇ. ಬೇಯಿಸಿದರೆ ವಿಷ ಹೋಗಲ್ಲ. ಒಸಡು ಬಿಳಿಚೋದು, ಮೂತ್ರ ಕಂದು ಬಣ್ಣಕ್ಕೆ ತಿರುಗೋದು ಕೆಲವು ದಿನ ಬಿಟ್ಟು ಕಾಣುತ್ತದೆ. ಅಷ್ಟೊತ್ತಿಗೆ ಮನೆಯವರು ಸಾರು ಹಾಕಿದ್ದೇ ಮರೆತು "ಯಾರ್ದೋ ದೃಷ್ಟಿ ತಾಗೇದ" ಅಂತ ಉಪ್ಪು ನಿವಾಳಿಸುತ್ತಾ ಕೂತಿರುತ್ತಾರೆ. ತಿಂದದ್ದು ಗೊತ್ತಾದ ಕೂಡಲೇ ಪಶು ವೈದ್ಯರ ಹತ್ತಿರ ಓಡಬೇಕು.

ಇವೇನೂ ಇಲ್ಲದೆ ನಾಯಿಗೆ ಜೋಳದ ತಿಂಡಿ ಮಾಡೋದು ಸುಲಭ. ಜೋಳದಲ್ಲಿ ಗ್ಲುಟೆನ್ ಇಲ್ಲ, ತಣ್ಣೀರಲ್ಲಿ ಕಲಸಿದರೆ ಬಿರಿಯುತ್ತದೆ. ರೊಟ್ಟಿಗೆ ಇಡುವಂತೆ ಎಸರು ಕುದಿಸಿ ಹಿಟ್ಟಿಗೆ ಸುರಿಯಿರಿ, ಪಿಷ್ಟ ಉಬ್ಬಿ ಜಿಗಿ ಬರುತ್ತದೆ. ಬೇಯಿಸಿ ಕಿವುಚಿದ ಕುಂಬಳಕಾಯಿ, ಹುರಿದು ಕುಟ್ಟಿದ ಸ್ವಲ್ಪ ಶೇಂಗಾ ಸೇರಿಸಿ ನಾದಿ. ಉಪ್ಪು, ಖಾರ, ಬೆಲ್ಲ ಏನೂ ಬೇಡ. ದಪ್ಪಗೆ ತಟ್ಟಿ, ಬೆರಳಗಲ ಕತ್ತರಿಸಿ, ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಖಡಕ್ ಆಗೋ ತನಕ ಬಿಡಿ. ಬೂಸ್ಟು ಹಿಡಿದ ಶೇಂಗಾ "ನಾಯಿಗೆ ತಾನೆ" ಅಂತ ಹಾಕಬೇಡಿ, ಅದರಲ್ಲಿರುವ ಅಫ್ಲಾಟಾಕ್ಸಿನ್ ಅನ್ನೋ ಬೂಸ್ಟಿನ ವಿಷ ನಾಯಿಯ ಲಿವರ್ ಕೆಡಿಸುತ್ತದೆ. ಅಂಗಡಿಯ ಪೀನಟ್ ಬಟರ್ ಆದರೆ ಸಕ್ಕರೆ ಬದಲು ಸಿಹಿಗೆ ಹಾಕುವ ಕ್ಸೈಲಿಟಾಲ್ ಇದೆಯಾ ನೋಡಿ, ಅದೂ ನಾಯಿಗೆ ವಿಷ. ಎಷ್ಟೇ ಬಾಲ ಅಲ್ಲಾಡಿಸಿದರೂ ದಿನದ ಆಹಾರದ ಕ್ಯಾಲೊರಿಯಲ್ಲಿ ಇಂಥ ತಿಂಡಿಯ ಪಾಲು ಶೇ. 10 ದಾಟಬಾರದು.