ಕೌಳಿ ಹಣ್ಣಿನ ಜಿನ್: ಮೊದಲು ಸೊನೆ ತೆಗೆಯಿರಿ

ಜಿನ್‌ಗೆ ಬೆರಿ ಅಂದ ಕೂಡಲೇ ಸ್ಟ್ರಾಬೆರಿ ಹುಡುಕಿಕೊಂಡು ಹೋಗುವವರೇ ಜಾಸ್ತಿ. ಬಿಸಿಲು ಏರುವ ಹೊತ್ತಿಗೆ ಅದರ ಕಾಲವೇ ಮುಗಿದಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಬ್ಯಾಣಗಳಲ್ಲಿ (ಕುರುಚಲು ಗಿಡದ ಹುಲ್ಲುಗಾವಲು) ಕೌಳಿ ಹಣ್ಣು (ಕವಳೆ, ಕರಂಡೆ) ಕಪ್ಪಗೆ ಕಳಿತು ನಿಂತಿರುತ್ತದೆ. ಅದು ಮುಗಿಯುವಷ್ಟರಲ್ಲಿ ನೇರಳೆ ಶುರು.

ಲಂಡನ್ನಿನ ಬಾರ್‌ಟೆಂಡರ್ ಡಿಕ್ ಬ್ರಾಡ್‌ಸೆಲ್ 1980ರ ದಶಕದಲ್ಲಿ ಬ್ರ್ಯಾಂಬಲ್ ಎಂಬ ಕಾಕ್‌ಟೇಲ್ ಮಾಡಿದರು: ಜಿನ್, ನಿಂಬೆರಸ, ಸಕ್ಕರೆ ಪಾಕ, ಮೇಲೆ ಬ್ಲ್ಯಾಕ್‌ಬೆರಿಯ ಲಿಕರ್, ಅಂದರೆ ಹಣ್ಣಿನ ಸಿಹಿ ಮದ್ಯ. ಆ ಲೆಕ್ಕ ಕೌಳಿಗೂ ಹೊಂದುತ್ತದೆ. ಆದರೆ ಬ್ಲ್ಯಾಕ್‌ಬೆರಿಗೆ ಸೊನೆಯಿಲ್ಲ, ಕೌಳಿಗಿದೆ. ಕೌಳಿಯ ಕಾಕ್‌ಟೇಲ್ ಕೆಡುವುದು ಬಹುಪಾಲು ಇಲ್ಲಿಯೇ, ಜಿನ್ನಿನಿಂದಲ್ಲ.

ಪೂರ್ತಿ ಕಪ್ಪಾದ, ಒತ್ತಿದರೆ ಬೆರಳಿಗೆ ಮೆತ್ತಗೆ ಸಿಗುವ ಹಣ್ಣು ಮಾತ್ರ ಆರಿಸಿ. ಕೆಂಪು ಉಳಿದಿದ್ದರೆ ಸೊನೆ ಹೆಚ್ಚು, ಒಗರೂ ಹೆಚ್ಚು. ಕಾಲು ಕಿಲೋ ಹಣ್ಣಿನ ತೊಟ್ಟು ಮುರಿದು, ಎರಡು ಹೋಳು ಮಾಡಿ, ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಉಪ್ಪು ಹಾಕಿ 20 ನಿಮಿಷ ನೆನೆಸಿ. ತೊಟ್ಟಿನ ಜಾಗದಲ್ಲಿ ಬಿಳಿ ಹನಿ ಬಂದು ಹೆಪ್ಪುಗಟ್ಟಿ, ಮುಟ್ಟಿದರೆ ರಬ್ಬರಿನಂತೆ ಎಳೆಯಾಗಿ ಬರುತ್ತದೆ. ಅದನ್ನು ತೆಗೆದು ಎರಡು ನೀರಿನಲ್ಲಿ ತೊಳೆಯಿರಿ. ಚಾಕುವಿಗೆ ಹತ್ತಿದ ಅಂಟನ್ನು ಹಲಸಿನ ಮೇಣದ ಹಾಗೆ ಕೊಬ್ಬರಿ ಎಣ್ಣೆಯಲ್ಲಿ ಒರೆಸಿ. ಒರೆಸುವುದು ಹಣ್ಣು ಹೆಚ್ಚಿ ಮುಗಿದ ಮೇಲೆ. ಎಣ್ಣೆ ರಸಕ್ಕೆ ಸೇರಿದರೆ ಲೋಟದ ಮೇಲೆ ಜಿಡ್ಡು ತೇಲುತ್ತದೆ.

ಮಿಕ್ಸಿ ಬೇಡ. ಬೀಜ ಒಡೆದರೆ ಕಹಿ ಬಿಡುತ್ತದೆ, ಉಳಿದ ಸೊನೆ ಪುಡಿಪುಡಿಯಾಗಿ ಬಟ್ಟೆಯಲ್ಲೂ ನಿಲ್ಲುವುದಿಲ್ಲ. 50 ಮಿ.ಲೀ. ನೀರು ಸೇರಿಸಿ ಕೈಯಲ್ಲಿ ಕಿವುಚಿ, ಇಲ್ಲವೇ ಕಡಗೋಲಿನ ತುದಿಯಿಂದ ಮೆಲ್ಲಗೆ ಒತ್ತಿ, ತೆಳು ಹತ್ತಿ ಬಟ್ಟೆಯಲ್ಲಿ ಸೋಸಿ. ಮೂರು ನಾಲ್ಕು ಲೋಟಕ್ಕೆ ಸಾಕಾಗುವಷ್ಟು ರಸ ಬರುತ್ತದೆ. ಸಕ್ಕರೆ ಹಾಕಿ ಕುದಿಸಲು ಮಾತ್ರ ಹೋಗಬೇಡಿ. ಕೌಳಿಯಲ್ಲಿ ಜೆಲ್ಲಿ ಕಟ್ಟಿಸುವ ಪೆಕ್ಟಿನ್ ಹೇರಳ. ಕುದಿಸಿ ಫ್ರಿಜ್ಜಿನಲ್ಲಿಟ್ಟರೆ ಜೆಲ್ಲಿಯಾಗಿ ಕೂತು, ಸೀಸೆ ಕವುಚಿದರೂ ಬೀಳುವುದಿಲ್ಲ. ಪಾಕ ಬೇರೆಯೇ ಮಾಡಿ, ಸಮತೂಕದ ಸಕ್ಕರೆ ಮತ್ತು ನೀರು, ಪೂರ್ತಿ ಆರಿಸಿ. ಜೋನಿ ಬೆಲ್ಲ (ನೀರುಬೆಲ್ಲ) ಹಾಕುವ ಆಸೆ ಮಲೆನಾಡಿನವರಿಗೆ ಸಹಜ. ಆದರೆ ಅದರ ಘಮದ ಮುಂದೆ ಜಿನ್ನಿಗೆ ಘಮ ಕೊಡುವ ಜುನಿಪರ್ ಕಾಯಿ ಸೊಲ್ಲೆತ್ತುವುದಿಲ್ಲ, ಬಣ್ಣವೂ ಕೆಸರು. ಜೋನಿ ಬೆಲ್ಲ ದೋಸೆಗಿರಲಿ.

ಒಂದು ಲೋಟಕ್ಕೆ: ಜಿನ್ 60 ಮಿ.ಲೀ., ಕೌಳಿ ರಸ 30, ಪಾಕ 20, ನಿಂಬೆರಸ 10, ಒಂದು ಚಿಟಿಕೆ ಉಪ್ಪು, ಸೋಡಾ 60. ಅಳತೆಗೆ ಕೆಮ್ಮಿನ ಔಷಧಿಯ ಗೆರೆ ಹಾಕಿದ ಮುಚ್ಚಳ ಧಾರಾಳ ಸಾಕು. ಉಪ್ಪು ರುಚಿಗಲ್ಲ, ಒಗರು ತಗ್ಗಿಸಲು. ಉಪ್ಪುಪ್ಪು ಅನಿಸಿದರೆ ಜಾಸ್ತಿಯಾಯಿತು ಅಂತಲೇ ಅರ್ಥ. ಹೂವಿನ ಪರಿಮಳದ ದುಬಾರಿ ಜಿನ್ ಬೇಕಿಲ್ಲ, ಸಾದಾ ಲಂಡನ್ ಡ್ರೈ ಜಿನ್ ಒಳ್ಳೆಯದು. ಸೋಡಾ ಬಿಟ್ಟು ಉಳಿದದ್ದನ್ನೆಲ್ಲ ಐದಾರು ಐಸ್ ತುಂಡಿನ ಜೊತೆ ಶೇಕರಿಗೆ ಹಾಕಿ 10–12 ಸೆಕೆಂಡ್ ಜೋರಾಗಿ ಕುಲುಕಿ. ಶೇಕರ್ ಇಲ್ಲದಿದ್ದರೆ ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿ. ಹೊರಗಡೆ ಮಂಜು ಹಿಡಿದಾಗ ನಿಲ್ಲಿಸಿ, ಹೊಸ ಐಸ್ ಮೇಲೆ ಸೋಸಿ, ತಣ್ಣಗಿನ ಸೋಡಾ ಅಂಚಿನಿಂದ ಇಳಿಬಿಡಿ. ಬಿಸಿ ಸೋಡಾ ಲೋಟಕ್ಕೆ ಬೀಳುವಾಗಲೇ ಗ್ಯಾಸ್ ಕಳೆದುಕೊಳ್ಳುತ್ತದೆ.

ಐಸ್ ವಿಚಾರ ಸಣ್ಣದಲ್ಲ. ಬೇಸಿಗೆಯ ಅಡ್ಡಮಳೆಗೆ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋದರೆ ಫ್ರೀಜರಿನ ಐಸ್ ಅರ್ಧ ಕರಗಿ ನೀರಾಡುತ್ತಿರುತ್ತದೆ. ಅದನ್ನು ಕುಲುಕಿದರೆ ಕಾಕ್‌ಟೇಲ್ ತಂಪಾಗುವ ಮೊದಲೇ ತೆಳ್ಳಗಾಗುತ್ತದೆ. ಅಂಥ ದಿನ ಕುಲುಕುವುದು ಐದೇ ಸೆಕೆಂಡ್, ಸೋಡಾ 30ಕ್ಕೆ ಇಳಿಸಿ.

ನೇರಳೆಗೆ ಲೆಕ್ಕ ಬೇರೆ. ಸೊನೆಯ ಕಾಟವಿಲ್ಲ, ಆದರೆ ಹುಳಿ ಕಡಿಮೆ, ನಾಲಿಗೆ ಹಿಡಿಯುವ ಒಗರು ಜಾಸ್ತಿ. ನಿಂಬೆ 20ಕ್ಕೆ ಏರಿಸಿ. ನಿಂಬೆ ಬಿಟ್ಟು ಬರೀ ಸೋಡಾ ಹೊಯ್ದರೆ ಇನ್ನೊಂದು ತಮಾಷೆ: ಕೆಂಪು ಬಣ್ಣ ಮಸುಕಾಗಿ ನೀಲಿ ಛಾಯೆಗೆ ತಿರುಗಬಹುದು. ಹಣ್ಣಿನ ಬಣ್ಣ ಹುಳಿಯಲ್ಲಿ ಕೆಂಪು, ಹುಳಿ ತಗ್ಗಿದರೆ ನೀಲಿಯತ್ತ ವಾಲುತ್ತದೆ. ಅಡುಗೆ ಸೋಡಾದಂಥ ಲವಣ ಬೆರೆಸಿದ ಬಾಟಲಿ ಸೋಡಾ ಆದರೆ ಇನ್ನೂ ಬೇಗ. ನಾಲ್ಕು ಹನಿ ನಿಂಬೆ ಬಿದ್ದರೆ ಮತ್ತೆ ಕೆಂಪು. ಟಾನಿಕ್ ವಾಟರ್ ನೇರಳೆಗೆ ಆಗಿಬರುವುದಿಲ್ಲ. ಕ್ವಿನೈನಿನ ಕಹಿ, ನೇರಳೆಯ ಒಗರು ಎರಡೂ ಸೇರಿದರೆ ಕಷಾಯ ಕುಡಿದ ಹಾಗೆ.

ಸಿಹಿಯೊಳಗೆ ಮದ್ಯ ಕಾಣಿಸದೆ ಇಳಿದುಬಿಡುತ್ತದೆ, ಲೋಟದಲ್ಲಿರುವುದು ಎರಡು ಪೆಗ್. ಆಗುಂಬೆ ಘಾಟಿ ಇಳಿಯಲಿರುವವರಿಗೆ ಜಿನ್ ಬದಲು ಒಂದು ಚಮಚ ಶುಂಠಿ ರಸ, ಉಳಿದದ್ದಕ್ಕೆ ಸೋಡಾ.

ರಸ ಮಿಕ್ಕರೆ ಐಸ್ ಟ್ರೇಗೆ ಅಳೆದು, ಟ್ರೇಯ ಒಂದೊಂದು ಗುಳಿಗೆ 15 ಮಿ.ಲೀ.ನಂತೆ ಹೊಯ್ದಿಡಿ. ಜೂನ್ ಮಳೆ ಹಿಡಿದ ಮೇಲೆ ಲೋಟಕ್ಕೆರಡು ತುಂಡು. ಮೊದಲೇ ಹೊರಗಿಟ್ಟು ಕರಗಿಸಿಕೊಳ್ಳಿ. ಗಟ್ಟಿ ತುಂಡನ್ನೇ ಶೇಕರಿಗೆ ಹಾಕಿದರೆ ಅದು ಕರಗುವಷ್ಟರಲ್ಲಿ ಉಳಿದ ಐಸೂ ಕರಗಿ ಕಾಕ್‌ಟೇಲ್ ತೆಳ್ಳಗಾಗುತ್ತದೆ.